ಕೊಟ್ರಬಸಮ್ಮ ಬ್ಯಾಡ ಅಂದದ್ದು

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ರಬಸಮ್ಮನನ್ನು ಹೊಗಳಲು ಹೋಗಿ ಗೆದ್ದವರು ಯಾರೂ ಇಲ್ಲ. "ಈ ಗದ್ದಲಾನ ಎಷ್ಟು ಚಲೋ ಸಂಭಾಳಿಸ್ತೀರಿ ಅಕ್ಕಾರ" ಎಂದರೆ, "ನಂದೇನೈತ್ರಿ, ಡ್ರೈವರ್ ಚಲೋ ಅದಾನ" ಅನ್ನುತ್ತಾಳೆ. ಡ್ರೈವರ್ ದೊಡ್ಡಬಸಪ್ಪನನ್ನು ಕೇಳಿದರೆ, "ನಂದೇನೈತ್ರಿ, ಗಾಡಿ ಚಲೋ ಐತಿ" ಅನ್ನುತ್ತಾನೆ. ಗಾಡಿಗೆ ಬಾಯಿ ಇಲ್ಲ. ಇದ್ದಿದ್ದರೆ ಅದೂ ರಸ್ತೆ ಚೆನ್ನಾಗಿದೆ ಅನ್ನುತ್ತಿತ್ತು, ಮತ್ತು ಕಮಲಾಪುರ ದಾಟಿದ ಮೇಲಿನ ರಸ್ತೆಯನ್ನು ಕಂಡವರು ಯಾರೂ ಅದನ್ನು ನಂಬುತ್ತಿರಲಿಲ್ಲ.

ಇದು ಕೊಟ್ರಬಸಮ್ಮನೊಬ್ಬಳ ಗುಣವಲ್ಲ, ಆ ಕಡೆಯ ಗಾಳಿಯ ಗುಣ. ಅಲ್ಲಿ ಊಟಕ್ಕೆ ಕೂತವರು ಹಸಿವಿನಿಂದ ಕಣ್ಣು ಕತ್ತಲೆಗಟ್ಟುತ್ತಿದ್ದರೂ ಎರಡನೇ ರೊಟ್ಟಿಗೆ "ಸಾಕ್ರಿ, ಒಲ್ಲೆ" ಅನ್ನಬೇಕು. ಬಡಿಸುವವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಬಡಿಸಬೇಕು. ಯಾವುದಾದರೂ ಸಂಘಕ್ಕೆ ಅಧ್ಯಕ್ಷರಾಗಿ ಎಂದು ಕರೆದರೆ ಮೊದಲ ಸಲ ನಾನ್ಯಾಕೆ ಅನ್ನಬೇಕು, ಎರಡನೇ ಸಲ ನನಗಿಂತ ಹಿರಿಯರಿದ್ದಾರೆ ಅನ್ನಬೇಕು, ಮೂರನೇ ಸಲ ನೀವು ಇಷ್ಟು ಹೇಳಿದ ಮೇಲೆ ಹೇಗೆ ಇಲ್ಲ ಅನ್ನಲಿ ಎಂದು ಕುರ್ಚಿಯ ಮೇಲೆ ಕೂರಬೇಕು. ಮೊದಲ ಸಲಕ್ಕೇ ಹೂಂ ಅಂದವನನ್ನು ಸಾಯುವತನಕ ಆಸೆಬುರುಕ ಎಂದೇ ಕರೆಯುತ್ತಾರೆ. ಕೇಳುವವರಿಗೂ ಇದು ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಎರಡೂ ಕಡೆಯವರು ಒಂದೇ ಊರಿನವರಾಗಿರುವ ತನಕ ಏನೂ ತೊಂದರೆ ಇಲ್ಲ.

ಕೊಟ್ರಬಸಮ್ಮನಿಗೆ ಈಗ ಐವತ್ತರ ಹತ್ತಿರ. ಗಟ್ಟಿ ದನಿ, ಎಣ್ಣೆ ಹಚ್ಚಿ ಬಿಗಿದ ತುರುಬು, ಖಾಕಿ ಅಂಗಿಯ ಮೇಲೆ ಸದಾ ಒಂದು ಗುಂಡುಪಿನ್ನು. ಅವಳ ಗಂಡ ಶಂಭುಲಿಂಗ ಅದೇ ಡಿಪೊದಲ್ಲಿ ಡ್ರೈವರಾಗಿದ್ದ, ಸಂಡೂರು ಲೈನಿನಲ್ಲಿ. ಅದಿರಿನ ಲಾರಿಗಳು ಹಗಲೂ ರಾತ್ರಿ ಕೆಂಪು ಧೂಳೆಬ್ಬಿಸಿಕೊಂಡು ಓಡುತ್ತಿದ್ದ ಕಾಲ ಅದು. ಒಂದು ಬೆಳಿಗ್ಗೆ ಅಂಥದೊಂದು ಲಾರಿ ತಿರುವಿನಲ್ಲಿ ಎದುರಿಗೆ ಬಂತು. ಬಸ್ಸಿನಲ್ಲಿದ್ದವರೆಲ್ಲ ಉಳಿದರು, ಶಂಭುಲಿಂಗ ಉಳಿಯಲಿಲ್ಲ. ಕೈಗೂಸು ಕಾವ್ಯಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೊಟ್ರಬಸಮ್ಮ ಡಿಪೊದ ಬಾಗಿಲಿಗೆ ಬಂದಾಗ, ಅವಳ ಹತ್ತನೇ ಇಯತ್ತೆಯ ಅಂಕಪಟ್ಟಿ ನೋಡಿ ಅನುಕಂಪದ ಮೇಲೆ ಕಂಡಕ್ಟರ್ ಕೆಲಸ ಕೊಟ್ಟರು.

ಆ ಕಾಲಕ್ಕೆ ಆ ಡಿಪೊದಲ್ಲಿ ಹೆಣ್ಣುಮಗಳು ಕಂಡಕ್ಟರಾದದ್ದು ಅವಳೊಬ್ಬಳೇ. ಟಿಕೆಟ್ ಹರಿಯುವುದನ್ನು ಕಲಿಸಿದರು, ಅಷ್ಟೇ. ಉಳಿದದ್ದನ್ನು ಕಲಿಸುವವರು ಯಾರೂ ಇರಲಿಲ್ಲ. ತುಂಬಿದ ಬಸ್ಸಿನಲ್ಲಿ ಗಂಡಸರ ನಡುವೆ ಹೇಗೆ ಹಾದು ಹೋಗಬೇಕು, ಕುಡಿದು ಹತ್ತಿದವನನ್ನು ಹೇಗೆ ಇಳಿಸಬೇಕು, ಎಲ್ಲಕ್ಕಿಂತ ಮೊದಲು ಹೊಟ್ಟೆ ತುಂಬ ನೀರು ಕುಡಿದರೆ ಆಮೇಲೆ ಎಲ್ಲಿ ಹೋಗಬೇಕು. ಬಸ್ ಸ್ಟ್ಯಾಂಡಿನ ಕಕ್ಕಸಿಗೆ ಒಂದೋ ಬಾಗಿಲಿರಲಿಲ್ಲ, ಇಲ್ಲವೇ ಬೀಗ ಇರುತ್ತಿತ್ತು. ಅವಳು ಬೆಳಗಿನಿಂದ ಸಂಜೆಯವರೆಗೆ ಹನಿ ನೀರು ಕುಡಿಯದೆ ಕೆಲಸ ಮಾಡಿದಳು. ಕಂಪ್ಲಿಯ ಬಿಸಿಲಲ್ಲಿ ಹಾಗೆ ಮಾಡಿದರೆ ಏನಾಗುತ್ತದೋ ಅದೇ ಆಯಿತು. ಮೂತ್ರಪಿಂಡದಲ್ಲಿ ಕಲ್ಲು ಬೆಳೆದು, ಒಂದು ದಿನ ಬುಕ್ಕಸಾಗರದ ಸ್ಟಾಪಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಅಲ್ಲಿ ಚಹಾದಂಗಡಿ ಇಟ್ಟಿದ್ದ ದುರ್ಗಕ್ಕ ಅವಳನ್ನು ಕೈಹಿಡಿದು ಒಳಗೆ ಕರೆದೊಯ್ದು, "ಹಿತ್ತಲ ಬಾಗಿಲು ನಿನಗ ಯಾವತ್ತೂ ತೆರೆದೈತಿ, ಹೇಳದ ಕೇಳದ ಬಾ" ಅಂದಳು. ಯಾರಾದರೂ ತನಗೆ ತಿಜೋರಿ ಬಿಟ್ಟುಕೊಟ್ಟಿದ್ದರೂ ಕೊಟ್ರಬಸಮ್ಮನಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಆದ್ದರಿಂದ, ಡಿಪೊಕ್ಕೆ ಹೊಸದಾಗಿ ಹೆಣ್ಣುಮಕ್ಕಳು ಕಂಡಕ್ಟರಾಗಿ ಬರುತ್ತಾರೆ, ಅವರಿಗೆ ಕೆಲಸ ಕಲಿಸಲು ಹಿರಿಯ ಕಂಡಕ್ಟರ್ ಒಬ್ಬರನ್ನು ಆರಿಸುತ್ತಾರೆ ಎಂಬ ಸುದ್ದಿ ಬಂದ ದಿನದಿಂದ ಅವಳಿಗೆ ಒಂದೇ ಧ್ಯಾನ. ಆ ಕೆಲಸ ತನಗೆ ಬೇಕು. ಅದರಿಂದ ಪಗಾರವೇನೂ ಏರುತ್ತಿರಲಿಲ್ಲ, ಬಡ್ತಿಯೂ ಅಲ್ಲ. ಆ ಹುಡುಗಿಯರು ತನ್ನ ಹಾಗೆ ಬಾಯಾರಿಕೊಂಡು ಕೂರಬಾರದು, ಅಷ್ಟೇ. ಇಪ್ಪತ್ತು ವರ್ಷದಲ್ಲಿ ಅವಳು ತನಗೆಂದು ಆಸೆಪಟ್ಟ ಮೊದಲ ವಸ್ತು ಅದು. ಆಸೆಪಟ್ಟದ್ದನ್ನು ಯಾರಿಗೂ ಹೇಳಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಡಿಪೊ ಮ್ಯಾನೇಜರ್ ಶ್ರೀಪತಿ ಉಡುಪಿಯ ಕಡೆಯವರು, ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಳ್ಳೆಯ ಮನುಷ್ಯ, ಹೇಳಿದ ಮಾತಿಗೆ ತಪ್ಪುವವರಲ್ಲ. ಬೇರೆಯವರೂ ಹೇಳಿದ್ದನ್ನೇ ಹೇಳಿರುತ್ತಾರೆ ಎಂದು ನಂಬುವುದು ಅವರ ಒಂದೇ ದೋಷ. ಅವರು ಕೊಟ್ರಬಸಮ್ಮನನ್ನು ಕರೆಸಿ ನೇರವಾಗಿ ಕೇಳಿದರು.

"ಹೊಸ ಮಹಿಳಾ ಕಂಡಕ್ಟರುಗಳ ತರಬೇತಿಗೆ ನಿಮ್ಮ ಹೆಸರು ಕಳಿಸಬೇಕು ಅಂತ ಇದ್ದೇನೆ. ಆಗಬಹುದಲ್ಲ?"

ಅವಳು ಕಾಯುತ್ತಿದ್ದದ್ದೇ ಇದನ್ನು. ಆದರೆ ಬಾಯಿಗೆ ಬೇರೆಯೇ ಅಭ್ಯಾಸವಿತ್ತು. "ಅಯ್ಯ, ನಾನ್ಯಾಕ್ರಿ ಸರ್. ನಮ್ಮಂಥೋರಿಂದ ಅದೆಲ್ಲಿ ಆಗತೈತ್ರಿ."

"ಯೋಚನೆ ಮಾಡಿ. ನಿಮಗೆ ಅನುಭವ ಉಂಟಲ್ಲ."

"ಅನುಭವ ಏನು ಬಂತ್ರಿ. ವಿಜಯಕುಮಾರ್ ಅದಾನಲ್ರಿ, ಶ್ಯಾಣ್ಯಾ ಮನಷ್ಯಾ, ಸೀನಿಯರ್. ನನಗ ಬ್ಯಾಡ್ರಿ ಸರ್."

ಇನ್ನು ಮೂರನೇ ಸಲ ಕೇಳುತ್ತಾರೆ. ಅದಕ್ಕೆ ಹೇಳಬೇಕಾದ ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು, ಸೆರಗಿಲ್ಲದ ಖಾಕಿಯಲ್ಲೂ ಸೆರಗು ಸರಿಮಾಡಿಕೊಳ್ಳುವವಳಂತೆ ಭುಜ ಮುಟ್ಟಿಕೊಂಡು, ಅವಳು ನಿಂತಳು. ಶ್ರೀಪತಿ ತಲೆಯಾಡಿಸಿದರು.

"ಸರಿ. ನಿಮಗೆ ಇಷ್ಟ ಇಲ್ಲದಿದ್ದರೆ ನಾನು ಒತ್ತಾಯ ಮಾಡುವುದಿಲ್ಲ."

ಎಂದು ಬೇರೆ ಫೈಲು ತೆಗೆದರು. ಅವಳು ಇನ್ನೂ ನಿಂತೇ ಇದ್ದುದನ್ನು ನೋಡಿ, "ಮತ್ತೇನಾದರೂ ಉಂಟಾ?" ಅಂದರು. "ಏನಿಲ್ರಿ" ಎಂದು ಅವಳು ಹೊರಗೆ ಬಂದಳು.

ಪಾಪ, ಶ್ರೀಪತಿಯವರನ್ನು ಬಯ್ಯಬಾರದು. ಹೆಣ್ಣುಮಕ್ಕಳು ಬೇಡ ಅಂದರೆ ಬೇಡ ಎಂದೇ ತಿಳಿಯಬೇಕು, ಒತ್ತಾಯ ಮಾಡಬಾರದು ಎಂದು ಅವರಿಗೆ ಯಾವುದೋ ಕಾರ್ಯಾಗಾರದಲ್ಲಿ ಚೆನ್ನಾಗಿ ಹೇಳಿಕೊಟ್ಟಿದ್ದರು. ಅವರು ಎರಡು ಸಲ ಕೇಳಿದ್ದಕ್ಕೇ ಒಳಗೊಳಗೆ ಅಳುಕಿದ್ದರು. ಹೀಗೆ ಇಬ್ಬರು ಮರ್ಯಾದಸ್ಥರು ಸೇರಿ ಒಂದು ಒಳ್ಳೆಯ ಕೆಲಸವನ್ನು ಕೆಡಿಸಿದರು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕೊಟ್ರಬಸಮ್ಮ ಯಾರ ಮೇಲೂ ರೇಗಲಿಲ್ಲ. ಅದನ್ನು ನೋಡಿ ದೊಡ್ಡಬಸಪ್ಪನಿಗೆ ಗಾಬರಿಯಾಯಿತು.

ಅದೇ ವಾರ ಡಿಪೊಕ್ಕೆ ಬಂದವಳು ಅರ್ಚಿತಾ. ಹೊಸಪೇಟೆಯದೇ ಹುಡುಗಿ, ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕೆಲಸದಲ್ಲಿ ಚೆನ್ನಾಗಿದ್ದೂ ಕೆಲವರಿಗೆ ಒಳಗೇ ಒಂದು ಭಯ ಇರುತ್ತದಂತೆ. ನಾನು ನಿಜವಾಗಿ ಇಷ್ಟು ಬಲ್ಲವಳಲ್ಲ, ಜನ ತಪ್ಪು ತಿಳಿದುಕೊಂಡಿದ್ದಾರೆ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂಬ ಭಯ. ಅದು ಯಾವ ದೇಶದ ಹೆಂಗಸರಲ್ಲಿ ಎಷ್ಟಿದೆ ಎಂದು ಅಳೆಯುವುದು ಅವಳ ತಂಡದ ಕೆಲಸ. ಜರ್ಮನಿಯ ಒಂದು ಊರು, ಕೆನ್ಯಾದ ಒಂದು ಊರು, ಬ್ರೆಜಿಲ್ಲಿನ ಒಂದು ಊರು, ಮತ್ತು ನಮ್ಮ ಹೊಸಪೇಟೆ. ಎಲ್ಲ ಕಡೆಯೂ ಅವೇ ವಾಕ್ಯಗಳು. ಪೂರ್ತಿ ಒಪ್ಪಿದರೆ ಐದು, ಒಪ್ಪದಿದ್ದರೆ ಒಂದು.

ಕಂಡಕ್ಟರುಗಳ ವಿಶ್ರಾಂತಿ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತರು. ಅರ್ಚಿತಾ ಓದಿದಳು: "ಕೆಲಸದಲ್ಲಿ ನನಗೆ ಸಿಕ್ಕ ಹೆಸರಿಗೆ ನನ್ನ ಸಾಮರ್ಥ್ಯಕ್ಕಿಂತ ಅದೃಷ್ಟವೇ ಹೆಚ್ಚು ಕಾರಣ."

"ಅದೃಷ್ಟ ಅನಬ್ಯಾಡ್ರಿ, ಕೊಟ್ಟೂರಪ್ಪನ ದಯಾ ಅನ್ರಿ. ಐದು ಹಾಕ್ರಿ."

"ಜನ ಹೊಗಳಿದಾಗ ನಾನು ಅದಕ್ಕೆ ಯೋಗ್ಯಳಲ್ಲ ಅನ್ನಿಸುತ್ತದೆ."

"ಯೋಗ್ಯಳು ಅಂತ ತನ್ನ ಬಾಯಲೆ ಯಾರರ ಅಂತಾರೇನ್ರಿ? ಐದು."

"ನನ್ನ ಜೊತೆ ಕೆಲಸ ಮಾಡುವವರು ನನಗಿಂತ ಬುದ್ಧಿವಂತರು."

"ಹೌದ್ರಿ ಮತ್ತ." ಕೊಟ್ರಬಸಮ್ಮ ನಕ್ಕಳು. ಐದು.

ಹೀಗೇ ಪುಟ ಮುಗಿಯುತ್ತ ಬಂತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ, ಉತ್ತರದ ಬೆನ್ನಿಗೇ ನಗು. ಕೊನೆಯ ಕಡೆ ಒಂದು ವಾಕ್ಯ ಬಂತು: "ಇನ್ನೊಬ್ಬರಿಗೆ ಸೇರಬೇಕಾದ ಜಾಗದಲ್ಲಿ ನಾನು ಕೂತಿದ್ದೇನೆ ಅನ್ನಿಸುತ್ತದೆ."

ಕೊಟ್ರಬಸಮ್ಮ ನಗಲಿಲ್ಲ. ಕಿಟಕಿಯಾಚೆ ಯಾವುದೋ ಬಸ್ಸು ಹಿಂದಕ್ಕೆ ಬರುತ್ತಿತ್ತು, ಅದನ್ನೇ ನೋಡಿದಳು. ತುಂಬ ಹೊತ್ತಿನ ಮೇಲೆ, "ಇದೊಂದು ಬಿಡ್ರಿ" ಅಂದಳು. ಅರ್ಚಿತಾ ಆ ಜಾಗವನ್ನು ಖಾಲಿ ಬಿಟ್ಟಳು.

ಲೆಕ್ಕ ಹಾಕಿ ನೋಡಿದರೆ ನಾಲ್ಕು ಊರುಗಳಲ್ಲಿ ಹೊಸಪೇಟೆಯೇ ಮೊದಲು, ಹೊಸಪೇಟೆಯಲ್ಲಿ ಕೊಟ್ರಬಸಮ್ಮನೇ ಮೊದಲು. ಅರ್ಚಿತಾಳ ಮಾರ್ಗದರ್ಶಕರು ಫೋನಿನಲ್ಲಿ ಹಿಗ್ಗಿದರು. ಆತ್ಮವಿಶ್ವಾಸವೇ ಇಲ್ಲದ ಹೆಂಗಸರ ಇಡೀ ಊರೊಂದು ಸಿಕ್ಕಿಬಿಟ್ಟಿದೆ, ಇದರ ಮೇಲೆ ಬೇರೆಯೇ ಪ್ರಬಂಧ ಬರೆಯಬಹುದು ಅಂದರು. ಅರ್ಚಿತಾಳಿಗೆ ಮಾತ್ರ ಹಿಗ್ಗು ಬರಲಿಲ್ಲ. ಅವಳು ಚಿಕ್ಕಂದಿನಿಂದ ಅದೇ ಊರಿನ ಸಂತೆಯಲ್ಲಿ ಇಂಥ ಹೆಂಗಸರಿಂದ ಬೈಸಿಕೊಂಡು ಬೆಳೆದವಳು. ಈ ಹೆಂಗಸರಿಗೆ ಆತ್ಮವಿಶ್ವಾಸವಿಲ್ಲವೇ? ಎಲ್ಲಿಯೋ ಎಡವಟ್ಟಾಗಿದೆ ಎನ್ನಿಸಿತು. ಖಾಲಿ ಬಿಟ್ಟ ಉತ್ತರವೊಂದು ಬೇಕು ಎಂಬ ನೆಪ ಮಾಡಿಕೊಂಡು, ಕೊಟ್ರಬಸಮ್ಮನ ವಾರದ ರಜೆಯ ದಿನ ಕಂಪ್ಲಿಯ ಅವಳ ಮನೆಗೆ ಹೋದಳು.

ಮನೆಯಲ್ಲಿ ಇದ್ದವರು ಇಬ್ಬರೇ, ಕೊಟ್ರಬಸಮ್ಮ ಮತ್ತು ಅವಳ ಅತ್ತೆ ಭರಮಮ್ಮ. ಮಗಳು ಕಾವ್ಯ ಮದುವೆಯಾಗಿ ಗಂಗಾವತಿಯಲ್ಲಿದ್ದಳು. ಹೋದದ್ದು ಪ್ರಶ್ನೆ ಕೇಳಲು, ಆದರೆ ಊಟದ ಹೊತ್ತಿಗೆ ಹೋದವರನ್ನು ಪ್ರಶ್ನೆ ಕೇಳಲು ಬಿಡುವ ಮನೆ ಅದಲ್ಲ. ಕೊಟ್ರಬಸಮ್ಮ ತಾಟು ತಂದಿಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು.

"ಪಲ್ಯ ಕೆಟ್ಟೈತ್ರಿ, ಉಪ್ಪು ಹೆಚ್ಚಾಗೈತಿ. ನನಗ ಅಡಗಿ ಬರಂಗಿಲ್ಲ. ಹೊಂದಿಸಿಕೊಂಡು ತಿನ್ರಿ."

ಅರ್ಚಿತಾ ಒಂದು ತುತ್ತು ತಿಂದಳು. ಅಂಥ ಎಣ್ಣೆಗಾಯಿಯನ್ನು ಅವಳು ತನ್ನ ಅಜ್ಜಿಯ ಕೈಯಲ್ಲೂ ತಿಂದಿರಲಿಲ್ಲ, ಮತ್ತು ಅವಳ ಅಜ್ಜಿಯೂ ಹೀಗೇ ಅನ್ನುತ್ತಿದ್ದರು. ಎರಡನೇ ರೊಟ್ಟಿ ಬಂದಾಗ ಅವಳ ಬಾಯಿಂದಲೂ "ಸಾಕ್ರಿ ಅಕ್ಕಾ" ಎಂಬುದು ತಾನೇ ಹೊರಬಿತ್ತು, ರೊಟ್ಟಿ ತಾನೇ ಒಳಬಿತ್ತು. ಅವಳ ಕೈ ಅಲ್ಲಿಯೇ ನಿಂತಿತು. ನನಗೆ ಅಡುಗೆ ಚೆನ್ನಾಗಿ ಬರುವುದಿಲ್ಲ ಎಂಬ ವಾಕ್ಯವಿದ್ದಿದ್ದರೆ ಅದಕ್ಕೆ ಈ ಹೆಂಗಸು ಎಷ್ಟು ಹಾಕಿಸುತ್ತಿದ್ದಳು? ಐದು. ತನ್ನ ಅಜ್ಜಿ? ಐದು. ಹಾಗಾದರೆ ತಾನು ಊರೆಲ್ಲ ಸುತ್ತಿ ಅಳೆದು ತಂದದ್ದು ಭಯವಲ್ಲ, ಬರೇ ಮರ್ಯಾದೆ. ಅವಳಿಗೆ ನಗು ಬಂತು, ಮಾರ್ಗದರ್ಶಕರ ನೆನಪಾಗಿ ನಗು ನಿಂತಿತು.

ಆಮೇಲೆ ಅವಳು ಕಾಗದ ಪೆನ್ನು ಬದಿಗಿಟ್ಟು ಬೇರೆ ಥರ ಕೇಳಿದಳು. "ಅಕ್ಕಾ, ನಾಳೆ ನಿಮಗ ಜ್ವರ ಬಂದಾವು ಅನ್ಕೋರಿ. ನಿಮ್ಮ ಲೈನಿಗೆ ಡಿಪೊದಾಗ ಕಂಡಿದ್ದ ಆ ವಿಜಯಕುಮಾರ್ ಬರ್ತಾರ. ಹೆಂಗ ನಡೀತೈತಿ?"

"ಏನು ನಡೀತೈತಿ, ಮಣ್ಣು!" ಕೊಟ್ರಬಸಮ್ಮನ ದನಿ ಬಸ್ಸಿನ ದನಿಯಾಯಿತು. "ಹೋದ ಮಾಗಿಯಾಗ ಬಂದಿದ್ದ, ಗೊತ್ತೈತಿ. ರಾಮಸಾಗರದಾಗ ಸಾಲಿ ಹುಡುಗ್ಯಾರು ಇನ್ನೂ ಓಡಿ ಬರಾಕ ಹತ್ತಿದ್ರು, ಸೀಟಿ ಊದಿಬಿಟ್ಟ. ಕುಡುಕನ ಕೂಡ ಬಾಯಿ ಹಚ್ಚಿ ಜಗಳ ಮಾಡ್ದ. ಕುಡುಕನ ಕೂಡ ಯಾರರ ಜಗಳ ಮಾಡ್ತಾರೇನ್ರಿ? ನಾನಾದ್ರ ಅಣ್ಣಾ ಅಂದು, ಇಲ್ಲಿ ಗಾಳಿ ಐತಿ ಬಾ ಅಂದು, ಬಾಗಿಲ ತನಕ ಕರಕೊಂಡು ಬಂದು ಇಳಿಸ್ತೀನಿ. ಇಳಿದ ಮ್ಯಾಲೆ ಅವಂಗ ಗೊತ್ತಾಗತೈತಿ. ವಿಜಯಕುಮಾರ್ ಟಿಕೆಟ್ ಕೊಡ್ತಾನ್ರಿ, ಅಷ್ಟ. ಬಸ್ಸು ನಡಸಾಕಿ ನಾನು."

ಆಡಿದ ಮೇಲೆ ತಾನೇ ಕೇಳಿಸಿಕೊಂಡು ನಾಲಿಗೆ ಕಚ್ಚಿಕೊಂಡಳು. ಹೊಸ್ತಿಲ ಹತ್ತಿರ ಕೂತಿದ್ದ ಭರಮಮ್ಮ ಅಷ್ಟು ಹೊತ್ತೂ ಕೇಳುತ್ತಿದ್ದವಳು, "ಏನ ಅನ್ರಿ, ಎಲ್ಲಾ ನನ್ನ ಶಂಭುನ ನೌಕರಿ. ದೇವರು ಕಾಯ್ದ" ಅಂದಳು. ಅದರಲ್ಲಿ ಕೊಂಕು ಒಂದು ಕಾಳಷ್ಟೂ ಇರಲಿಲ್ಲ. ಸೊಸೆ ಮೊದಲ ದಿನ ಡ್ಯೂಟಿಗೆ ಹೋದಾಗಿನಿಂದ ಮುದುಕಿ ಬೆಳಗಾದರೆ "ಏಳವ್ವಾ, ಶಂಭುನ ನೌಕರಿಗೆ ಹೊತ್ತಾತು" ಎಂದೇ ಎಬ್ಬಿಸುತ್ತಿದ್ದಳು. ಮಗನ ಹೆಸರನ್ನು ದಿನಕ್ಕೊಮ್ಮೆ ಬಾಯಿತುಂಬ ಕರೆಯಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ. ಆದರೆ ಕೊಟ್ರಬಸಮ್ಮನ ಮುಖ ಸಪ್ಪಗಾಯಿತು. ಅರ್ಚಿತಾಳಿಗೆ ಆ ಮುಖ ಗುರುತು ಸಿಕ್ಕಿತು. ಖಾಲಿ ಬಿಟ್ಟ ವಾಕ್ಯದ ಎದುರು ಕಂಡ ಮುಖವೇ ಅದು.

ಭರಮಮ್ಮ ಒಳಗೆ ಹೋಗಿ ಅಡ್ಡಾದ ಮೇಲೆ ಕೊಟ್ರಬಸಮ್ಮ ದನಿ ತಗ್ಗಿಸಿ ಹೇಳಿದಳು.

"ನೀವು ಆವತ್ತು ಕೇಳಿದ್ದು ಖರೆ ಐತ್ರಿ. ನಂದಲ್ಲ ಅದು ಜಾಗ. ಅವರು ಸತ್ತಿದ್ದಕ್ಕ ನನಗ ಸಿಕ್ಕೈತಿ. ಅವರು ಇದ್ದಿದ್ದರ ನನ್ನ ಕರೀತಿದ್ರೇನು? ಖಾಕಿ ಹಾಕ್ಕೊಂಡಾಗೊಮ್ಮೆ ಯಾರದೋ ಅಂಗಿ ಹಾಕ್ಕೊಂಡಂಗ ಅನಿಸತೈತಿ. ಉಳಿದಿದ್ದೆಲ್ಲಾ ಸುಮ್ನ ಅಂದಿದ್ದೆ, ಬಾಯಿ ಮಾತು. ಇದು ಬಾಯಿ ಮಾತಲ್ಲ."

ಆಮೇಲೆ ತರಬೇತಿಯ ವಿಷಯವೂ ಬಂತು. ಸಾಹೇಬರು ಕೇಳಿದ್ದು, ತಾನು ಬ್ಯಾಡ ಅಂದದ್ದು.

"ಯಾಕ ಬ್ಯಾಡ ಅಂದ್ರಿ ಅಕ್ಕಾ?"

"ಕೇಳಿದ್ರಲ್ಲ, ಅದಕ್ಕ ಬ್ಯಾಡ ಅಂದೆ! ಮೂರನೇ ಸಲ ಕೇಳ್ತಾರ ಅಂತ ನಿಂತಿದ್ದೆ. ಕೇಳಲಿಲ್ಲ. ಆಮ್ಯಾಲೆ ವಿಚಾರ ಮಾಡಿದೆ. ಅವರಿಗೂ ಗೊತ್ತಾಗಿರಬೇಕು, ಇಕಿ ಅನುಕಂಪದ ಮ್ಯಾಲ ಬಂದಾಕಿ, ಇಕಿದು ಇದು ಜಾಗ ಅಲ್ಲ ಅಂತ."

ಅರ್ಚಿತಾ ಕೂತಲ್ಲಿಂದ ಎದ್ದಳು. ನಗುನಗುತ್ತ ಐದು ಹಾಕಿಸಿದ ಸುಳ್ಳುಗಳ ನಡುವೆ ನಿಜವಾದ ನೋವೊಂದು ಇಷ್ಟು ಸಣ್ಣಗೆ ಕೂತಿತ್ತು. "ನಾನು ಹೋಗಿ ಸಾಹೇಬ್ರಿಗೆ ಹೇಳ್ತೀನಿ" ಅಂದಳು.

"ಬ್ಯಾಡ."

"ಇದು ಯಾವ ಬ್ಯಾಡ ಅಕ್ಕಾ? ಊಟದ ಬ್ಯಾಡೋ, ಖರೇ ಬ್ಯಾಡೋ?"

ಕೊಟ್ರಬಸಮ್ಮನಿಗೆ ನಗು ಬಂತು, ಆದರೆ ಮಾತು ಗಟ್ಟಿಯಾಗಿತ್ತು. "ಖರೇ ಬ್ಯಾಡ. ನೀವು ಹೇಳಿದ್ರ ಅದು ವಶೀಲಿ ಆಗತೈತಿ. ಒಂದು ಸಲ ಇನ್ನೊಬ್ಬರ ಹೆಸರಿನ ಮ್ಯಾಲ ತಗೊಂಡೀನಿ, ಸಾಕು. ಬೇಕಾದ್ರ ನಾನ ಹೋಗಿ ಕೇಳ್ತೀನಿ."

ಹೇಳಿದ್ದೇನೋ ಹೇಳಿದಳು. ಮರುದಿನ ಡಿಪೊ ತಲುಪಿದವಳು ಮ್ಯಾನೇಜರ್ ಕೋಣೆಯ ಮುಂದೆ ಹಾದು ನೇರ ಬಸ್ಸು ಹತ್ತಿದಳು. ಕೆಲಸ ಬೇಕು ಎಂದು ಕೇಳುವುದು, ಅದೂ ನನಗೆ ಬರುತ್ತದೆ ಎಂದು ತನ್ನ ಬಾಯಿಂದ ಹೇಳುವುದು, ಅವಳ ಮಟ್ಟಿಗೆ ನಡುಬಜಾರಿನಲ್ಲಿ ಕುಣಿದಂತೆ. ಬೆಳಗಿನ ಟ್ರಿಪ್ಪಿನಲ್ಲಿ ಇಡೀ ದಾರಿ ಬಾಯಿಪಾಠ ಮಾಡಿದಳು. ದೊಡ್ಡಬಸಪ್ಪ ಕನ್ನಡಿಯಲ್ಲಿ ನೋಡಿ, "ಏನಕ್ಕಾ, ಯಾರ ಕೂಡ ಮಾತಾಡಾಕ ಹತ್ತೀಯಾ?" ಅಂದ. "ನನ್ನ ಕೂಡ" ಅಂದಳು. ಅವನು ಮುಂದೆ ಕೇಳಲಿಲ್ಲ. ತರಬೇತಿ ಕೊಡುವವರ ಹೆಸರು ಅಂದೇ ಸಂಜೆ ಮೇಲಿನ ಕಚೇರಿಗೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಟ್ರಿಪ್ಪು ಮುಗಿಸಿ ಮ್ಯಾನೇಜರ್ ಕೋಣೆಗೆ ಹೋದಳು. ಶ್ರೀಪತಿ ತಲೆಯೆತ್ತಿದರು.

"ಸರ್, ಆ ತರಬೇತಿ ಕೆಲಸ." ಟಿಕೆಟ್ ಚೀಲವನ್ನು ಭುಜದಿಂದ ಇಳಿಸಿದಳು. "ಅದು ನನಗ ಬೇಕ್ರಿ."

"ನೀವೇ ಬೇಡ ಅಂದಿರಲ್ಲ? ನಾನು ಎರಡು ಸಲ ಕೇಳಿದೆ."

"ಅಂದೆ ಸರ್. ನಮ್ಮ ಕಡೆ ಎರಡು ಸಲ ಬ್ಯಾಡ ಅನಬೇಕಾಗತೈತ್ರಿ. ಮೂರನೇದ್ದಕ್ಕ ಹೂಂ ಅಂತೀವಿ. ನೀವು ಮೂರನೇದ್ದು ಕೇಳಲಿಲ್ಲ."

ಶ್ರೀಪತಿ ಅವಳನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಫೈಲುಗಳ ರಾಶಿಯನ್ನು ನೋಡಿದರು. "ಅಯ್ಯೋ ದೇವರೇ, ಹಾಗಾದರೆ ಈ ಒಂದು ವರ್ಷದಲ್ಲಿ ನಾನು ಎಷ್ಟು ಜನರ ಬೇಡವನ್ನು ನಂಬಿಬಿಟ್ಟೆ, ಮಾರಾಯ್ತಿ!" ಎಂದು ಹಣೆ ಒತ್ತಿಕೊಂಡರು. ಬಂದ ಹೊಸದರಲ್ಲಿ ಯಾರ ಮನೆಗೆ ಹೋದರೂ ಒಂದೇ ಸಲಕ್ಕೆ ಹೂಂ ಎಂದು ಉಂಡದ್ದೂ ಅವರಿಗೆ ನೆನಪಾಯಿತೋ ಏನೋ, ಕಿವಿ ಕೆಂಪಾದವು.

ಆದರೆ ಅವರು ನಿಯಮದ ಮನುಷ್ಯ. "ನೋಡಿ, ವಿಜಯಕುಮಾರರ ಹೆಸರು ಬರೆದಾಗಿದೆ. ಅವರು ನಿಮಗಿಂತ ಹಿರಿಯರು. ಅವರನ್ನು ತೆಗೆದು ನಿಮ್ಮನ್ನು ಹಾಕಬೇಕಾದರೆ ನನಗೆ ಕಾರಣ ಬೇಕು. ಅವರಿಗಿಂತ ನೀವು ಹೇಗೆ ಹೆಚ್ಚು, ನೀವೇ ಹೇಳಿ."

ಇದನ್ನು ಅವಳು ಬಾಯಿಪಾಠ ಮಾಡಿರಲಿಲ್ಲ. ಹೆಚ್ಚು ಏನಿಲ್ರಿ ಎಂಬ ಮಾತು ತನ್ನಷ್ಟಕ್ಕೇ ತುಟಿಯವರೆಗೆ ಬಂತು. ಅವಳು ತುಟಿ ಬಿಗಿಹಿಡಿದಳು. ಬಾಗಿಲ ಕಡೆ ನೋಡಿದಳು. ಶ್ರೀಪತಿ ಕಾದರು. ಕಾಯುವುದನ್ನು ಅವರು ಆ ಗಳಿಗೆಯಲ್ಲಿ ಕಲಿತರು ಎನ್ನಬೇಕು.

"ವಿಜಯಕುಮಾರ್ ಚಲೋ ಮನಷ್ಯಾರಿ. ಟಿಕೆಟ್ ಮಷೀನ್ ಅವನ ಕಲಿಸಲಿ. ಆದ್ರ ಬರಾಕ ಹತ್ತಿದವರು ಹುಡುಗ್ಯಾರು ಸರ್. ಎಲ್ಲಿ ನೀರು ಕುಡೀಬೇಕು, ಕುಡಿದ ಮ್ಯಾಲೆ ಯಾರ ಮನಿ ಹಿತ್ತಲಕ್ಕ ಹೋಗಬೇಕು, ಅದು ಅವಂಗ ಗೊತ್ತಿಲ್ಲ. ಗೊತ್ತಿರಾಕ ಕಾರಣನೂ ಇಲ್ಲ. ನನಗ ಗೊತ್ತೈತಿ. ಗೊತ್ತಿಲ್ದಾಗ ಕಲ್ಲು ಬೆಳೆಸಿಕೊಂಡು ದವಾಖಾನಿಯಾಗ ಮಲಗಿದ್ದೆ." ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಈ ನೌಕರಿ ನನ್ನ ಗಂಡ ಸತ್ತಿದ್ದಕ್ಕ ಬಂದಿದ್ದು ಸರ್. ಅದು ಖರೆ. ಕೆಲಸ ಮಾತ್ರ ನಾನು ಕಲ್ತಿದ್ದು. ನನಗ ಬರತೈತಿ."

ಹೇಳಿ ಮುಗಿಸಿ ಅವಳು ಕಾದಳು, ಏನಾದರೂ ಆಗುತ್ತದೆ ಎಂದು. ಏನೂ ಆಗಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು, ಹೊರಗೆ ಯಾರೋ ಕಂಪ್ಲಿ ಕಂಪ್ಲಿ ಎಂದು ಕೂಗುತ್ತಿದ್ದರು. ಶ್ರೀಪತಿ ಪೆನ್ನು ತೆಗೆದು ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆದರು. ವಿಜಯಕುಮಾರನಿಗೆ ಮಷೀನಿನ ತರಬೇತಿ ಹಂಚಿದರು. ಅವನಿಗೆ ಬೇಜಾರಾಯಿತೇ ಎಂದು ಕೇಳಿದರೆ, ಇಲ್ರಿ, ನನಗೇನೂ ಬೇ‌ಕಾಗಿರಲಿಲ್ಲ ಅಂದನಂತೆ. ಅದು ಯಾವ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಅರ್ಚಿತಾ ತನ್ನ ಮಾರ್ಗದರ್ಶಕರಿಗೆ, ಈ ಊರಿನ ಅಂಕಗಳನ್ನು ಆ ಊರುಗಳ ಅಂಕಗಳ ಪಕ್ಕದಲ್ಲಿ ಇಡಲು ಬರುವುದಿಲ್ಲ ಎಂದು ಬರೆದಳು. ಇಲ್ಲಿ ಥಟ್ಟನೆ ಬಂದ ಉತ್ತರ ಮರ್ಯಾದೆಯದು, ತಡೆದು ಬಂದ ಉತ್ತರ ಮಾತ್ರ ಮನಸ್ಸಿನದು, ಹೊಸದಾಗಿ ಎಲ್ಲರ ಮನೆಗೂ ಹೋಗಿ ಕೇಳಬೇಕು ಅಂದಳು. ಚೆನ್ನಾಗಿ ಬೈಸಿಕೊಂಡಳು, ಒಂದು ವರ್ಷ ಹೆಚ್ಚಿಗೆ ದುಡಿದಳು. ಅವಳ ತೂಕವೂ ಸ್ವಲ್ಪ ಏರಿತು, ಹೋದಲ್ಲೆಲ್ಲ ಊಟ.

ಆ ಸಂಜೆ ಕೊಟ್ರಬಸಮ್ಮ ಮನೆಗೆ ಬಂದಾಗ ಭರಮಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಸೊಸೆಯ ಮುಖ ನೋಡಿ, "ಏನಾತವ್ವಾ?" ಅಂದಳು.

"ಹೊಸ ಹುಡುಗ್ಯಾರಿಗೆ ಕಲಿಸಾಕ ನನ್ನ ಹಾಕ್ಯಾರ ಅತ್ತಿ."

"ಕರೆದು ಕೊಟ್ರೇನು?"

"ಇಲ್ಲ. ನಾನ ಹೋಗಿ ಕೇಳ್ದೆ."

ಭರಮಮ್ಮನ ಕೈ ನಿಂತಿತು. ಈಗ ಬೈಯುತ್ತಾಳೆ ಎಂದುಕೊಂಡಳು ಕೊಟ್ರಬಸಮ್ಮ. ಮನೆತನಸ್ಥರು ಬಾಯಿಬಿಟ್ಟು ಕೇಳಬಾರದು ಎಂದು ಮದುವೆಯಾಗಿ ಬಂದ ಹೊಸದರಲ್ಲಿ ಹೇಳಿದವಳು ಇದೇ ಅತ್ತೆ.

ಮುದುಕಿ ಅಕ್ಕಿಯನ್ನೇ ನೋಡುತ್ತ ಹೇಳಿದಳು. "ಶಂಭುಗೂ ಕಂಪ್ಲಿ ಲೈನ್ ಬೇಕಾಗಿತ್ತು. ಮನಿ ಹತ್ರ ಆಕ್ಕತಿ, ಆ ಅದಿರಿನ ಲಾರಿ ಕಾಟ ಇರಂಗಿಲ್ಲ ಅಂತ ನನ್ನ ಮುಂದ ಅಂತಿದ್ದ. ಸಾಹೇಬ್ರಿಗೆ ಹೇಳಪಾ ಅಂದ್ರ, ನಾ ಹೆಂಗ ಕೇಳಲೆವ್ವಾ, ಅವರ ತಿಳಿದು ಕೊಡ್ತಾರ ಅಂತಿದ್ದ. ಅವರು ಕೊಡಲಿಲ್ಲ, ಇವ ಕೇಳಲಿಲ್ಲ."

ಕೊಟ್ರಬಸಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷ ಅದೇ ಕಂಪ್ಲಿ ಲೈನಿನಲ್ಲಿ ಓಡಾಡಿದ್ದಳು, ಗಂಡ ಅದನ್ನು ಬಯಸಿದ್ದನೆಂದು ಅತ್ತೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಅವಳು ಮೊರದ ಎದುರಿಗೆ ಕೂತಳು.

"ಕೇಳಬಾರದು ಅಂತ ಅವಂಗ ಕಲಿಸಿದಾಕಿ ನಾನ" ಎಂದಳು ಭರಮಮ್ಮ. "ನಿನಗೂ ಅದನ್ನ ಕಲಿಸಿದ್ದೆ. ನೀ ಕಲೀಲಿಲ್ಲ, ಭಾಳ ಚಲೋ ಆತು."